ಕಡಿಮೆ ಬೆಳೆಯುವ ಬೇಸಾಯ

1866ರಲ್ಲಿ ನಮ್ಮ ಕೆಂಗೇರಿಗೆ ಇಟಲಿಯವರೊಬ್ಬರು ಬಂದು ನೆಲೆಸಿ ಒಂದು ಕಾರ್ಖಾನೆ ಹೂಡಿದ್ದರು. ಡಿ ವೆಕ್ಕಿ ಎಂದು ಅವರ ಹೆಸರು. ಆವಿಯ ಯಂತ್ರ ತಂದು ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸ ಶುರು ಮಾಡಿದರು. ಇಟಲಿಯವರು ಇಷ್ಟು ದೂರ ಬಂದ ಮೇಲೆ ನಾಲ್ಕು ದ್ರಾಕ್ಷಿ ಬಳ್ಳಿಯನ್ನೂ ನೆಡಬಹುದಿತ್ತಲ್ಲ ಎಂದು ನಾನು ಆಗಾಗ ಅಂದುಕೊಳ್ಳುವುದುಂಟು. ಆದರೆ ಅವರ ಕಣ್ಣು ರೇಷ್ಮೆಯ ಮೇಲೆ. ಕೆಂಗೇರಿ ಇರುವ ಈ ಮೈಸೂರು ರಸ್ತೆ ಇಂದಿಗೂ ರೇಷ್ಮೆಯ ರಸ್ತೆಯೇ. ಬಿಡದಿ ದಾಟಿ ರಾಮನಗರಕ್ಕೆ ಹೋದರೆ ಗೂಡಿನ ಮಾರುಕಟ್ಟೆ ಸಿಗುತ್ತದೆ. ದ್ರಾಕ್ಷಿ ಮಾತ್ರ ಬೆಂಗಳೂರಿನ ಇನ್ನೊಂದು ಮಗ್ಗುಲು ಹಿಡಿಯಿತು: ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ.

ಹಾಗಂತ ನಮಗೂ ಆ ಕಡೆಗೂ ನಂಟೇ ಇಲ್ಲವೆನ್ನಲಾಗದು. ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು ಹಾದು ರಾಮನಗರದ ಕಡೆಗೆ ಇಳಿಯುವ ಆ ಹೊಳೆಗೆ ನಮ್ಮ ಕೆಂಗೇರಿಯ ವೃಷಭಾವತಿ ಹೋಗಿ ಸೇರುತ್ತಾಳೆ. ಎಂಥ ನೀರನ್ನು ಹೊತ್ತುಕೊಂಡು ಸೇರುತ್ತಾಳೆ ಎಂಬುದನ್ನು ಕೆಂಗೇರಿಯವರ ಬಾಯಲ್ಲಿ ಹೇಳಿಸಬೇಡಿ. ಈ ಹೊತ್ತು ನಾನು ಹೇಳಹೊರಟಿರುವುದು ಹೊಳೆಯ ಮೇಲ್ಭಾಗದ ಸಂಗತಿ, ನಂದಿಯ ತಪ್ಪಲಿನದು. ಒಂದು ಕುಟುಂಬ ತನ್ನದೇ ತೋಟದ ಹಣ್ಣಿನಿಂದ ಒಳ್ಳೆಯ ಕೆಂಪು ವೈನ್ ಮಾಡಲು ಹೊರಟರೆ ಏನೇನು ಬೇಕಾಗುತ್ತದೆ ಎಂಬ ವಿಷಯ.

ಮೊದಲೇ ಒಂದು ಮಾತು. ಕುಡಿಯಿರಿ ಎಂದು ಹೇಳುವುದಕ್ಕೆ ನಾನು ಮೈಕಿನ ಮುಂದೆ ಕೂತಿಲ್ಲ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತು ಕೆಲವು ವರ್ಷ ಬಹಳ ಓಡಾಡಿತು. ಮದ್ಯ ಎಷ್ಟು ಕಡಿಮೆಯಾದರೂ ಸುರಕ್ಷಿತ ಎನ್ನುವ ಪ್ರಮಾಣ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ಹೆಂಡದಂಗಡಿ ಮುಚ್ಚಿಸಿ ಎಂದು ಬೀದಿಗಿಳಿದ ಹೆಣ್ಣುಮಕ್ಕಳ ನೋವನ್ನು ನಮ್ಮ ರಾಜ್ಯ ಕಂಡಿದೆ. ಅದನ್ನು ಬದಿಗಿಟ್ಟು ಮಾತಾಡುವುದು ನನ್ನಿಂದ ಆಗದು. ಇಲ್ಲಿ ನನಗೆ ಬೇಕಿರುವುದು ಬೇಸಾಯದ ಮಾತು. ಅದರಲ್ಲೂ ನಮ್ಮ ರೈತರು ನೂರೈವತ್ತು ವರ್ಷದಿಂದ ಮಾಡಿಕೊಂಡು ಬಂದಿರುವುದಕ್ಕೆ ತೀರಾ ಉಲ್ಟಾ ಆದ ಒಂದು ಬೇಸಾಯದ ಮಾತು.

ಕೆಂಗೇರಿ ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ಸಿಗುವ ಕಪ್ಪು ದ್ರಾಕ್ಷಿ ನಿಮಗೆ ಗೊತ್ತಿದೆ. ಬೀಜದ ದ್ರಾಕ್ಷಿ. ಬೆಂಗಳೂರು ಬ್ಲೂ ಎನ್ನುತ್ತಾರೆ. ಅದರ ಒಂದು ಹಣ್ಣನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿ ನೋಡಿ. ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ, ತಿರುಳು ಗೋಲಿಯ ಹಾಗೆ ಚಿಮ್ಮಿ ಹೊರಗೆ ಬೀಳುತ್ತದೆ. ತಿರುಳಿಗೆ ಬಣ್ಣವೇ ಇಲ್ಲ, ತಿಳಿ ಹಸಿರು. ಬಣ್ಣವೆಲ್ಲ ಸಿಪ್ಪೆಯ ಒಳಮೈಗೆ ಅಂಟಿಕೊಂಡಿರುತ್ತದೆ. ಬಾಯಿಗೆ ಹಾಕಿಕೊಂಡರೆ ಮುಂದೆ ಸಿಹಿ, ನಡುವೆ ಹುಳಿ. ಮೂಗಿಗೆ ಒಂದು ಗಾಢವಾದ ಪರಿಮಳ. ದ್ರಾಕ್ಷಿಯ ಸ್ವಾದ ಎಂದು ಹಾಕಿ ಮಾರುವ ಮಿಠಾಯಿ, ಶರಬತ್ತುಗಳಲ್ಲಿ ಬರುವುದು ಇದೇ ವಾಸನೆ. ಈ ತಳಿಯಲ್ಲಿ ಯುರೋಪಿನ ದ್ರಾಕ್ಷಿಯ ಜೊತೆಗೆ ಅಮೆರಿಕದ ಕಾಡು ದ್ರಾಕ್ಷಿಯ ರಕ್ತವೂ ಬೆರೆತಿದೆ, ವಾಸನೆ ಆ ಕಡೆಯಿಂದ ಬಂದದ್ದು. ಗಟ್ಟಿ ಜಾತಿ. ಮಳೆಗೂ ರೋಗಕ್ಕೂ ಅಷ್ಟಾಗಿ ಜಗ್ಗದು. ಕಲ್ಲುಕಂಬದ ಚಪ್ಪರಕ್ಕೆ ಹಬ್ಬಿಸಿದರೆ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಎಕರೆಗೆ ಹತ್ತು ಟನ್ ದಾಟಿದರೂ ಯಾರಿಗೂ ಆಶ್ಚರ್ಯವಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆಯೂ ಇದಕ್ಕೆ ಸಿಕ್ಕಿದೆ.

ಈ ಹಣ್ಣಿನಿಂದ ವೈನ್ ಆಗುವುದಿಲ್ಲವೇ? ಆಗುತ್ತದೆ. ಕಂಟೋನ್ಮೆಂಟ್ ಕಡೆಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಭರಣಿಯಲ್ಲಿ ಹಾಕಿಡುವುದು ಇದನ್ನೇ. ಹಣ್ಣು ಕಿವುಚಿ, ಸಕ್ಕರೆ ಸುರಿದು, ಒಂದು ಹಿಡಿ ಗೋಧಿ, ನಾಲ್ಕು ಲವಂಗ, ಚೂರು ಚಕ್ಕೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಡುತ್ತಾರೆ. ಗೋವಾದಲ್ಲಿ ಪೋರ್ಟ್ ಎಂದು ಮಾರುವ ಸಿಹಿ ವೈನ್‌ಗೂ ನಮ್ಮ ಕಡೆಯಿಂದ ಲಾರಿಗಟ್ಟಲೆ ಹೋಗುವುದು ಈ ಹಣ್ಣೇ. ಎಲ್ಲದರಲ್ಲೂ ಸಕ್ಕರೆಯ ಊರುಗೋಲು ಬೇಕು. ಯಾಕೆಂದರೆ ಹಣ್ಣಿನಲ್ಲಿ ಹುಳಿ ಹೆಚ್ಚು, ಸಕ್ಕರೆ ಸಾಲದು. ಸಕ್ಕರೆಯನ್ನು ತಿಂದೇ ಯೀಸ್ಟ್ ಮದ್ಯಸಾರ ಮಾಡಬೇಕು. ಊಟದ ಜೊತೆ ಕುಡಿಯುವ ಒಣ ಕೆಂಪು ವೈನ್‌ಗೆ ಹಣ್ಣಿನ ರಸದಲ್ಲೇ ನೂರಕ್ಕೆ ಇಪ್ಪತ್ತನಾಲ್ಕರ ಸುಮಾರು ಸಕ್ಕರೆ ಇದ್ದರೆ ಹದಿಮೂರರ ಮೇಲಿನ ಮದ್ಯಾಂಶ ತಾನಾಗಿ ಬರುತ್ತದೆ. ಬೆಂಗಳೂರು ಬ್ಲೂ ಅಲ್ಲಿಗೆ ತಲುಪುವುದಿಲ್ಲ.

ಈಗ ಕ್ಯಾಬರ್ನೆ ಸೋವಿನ್ಯೋನ್ ಎಂಬ ಫ್ರಾನ್ಸಿನ ತಳಿಯ ಹಣ್ಣನ್ನು ಕೈಗೆ ತೆಗೆದುಕೊಳ್ಳಿ. ಕಾಳು ಸಣ್ಣದು, ಗೊಂಚಲೂ ಸಣ್ಣದು. ಒತ್ತಿದರೆ ತಿರುಳು ಚಿಮ್ಮುವುದಿಲ್ಲ, ಸಿಪ್ಪೆ ಬಿಡದೆ ಹಿಡಿದಿರುತ್ತದೆ. ಅಗಿದರೆ ಸಿಪ್ಪೆ ದಪ್ಪ, ನಾಲಿಗೆಯನ್ನು ಎಳೆಯುವಷ್ಟು ಒಗರು. ಬೀಜವನ್ನೂ ಕಡಿದು ನೋಡುವುದು ಈ ತಳಿ ಬೆಳೆಯುವವರ ಅಭ್ಯಾಸ. ಹಸಿರಾಗಿ ಕಹಿಯಾಗಿದ್ದರೆ ಇನ್ನೂ ಕಾಯಬೇಕು. ಕಂದು ಬಣ್ಣಕ್ಕೆ ತಿರುಗಿ ಕಟಕ್ಕೆಂದರೆ ಕೊಯ್ಲು ಹತ್ತಿರ. ತಳ್ಳುಗಾಡಿಯಲ್ಲಿಟ್ಟರೆ ಈ ಹಣ್ಣನ್ನು ಯಾರೂ ಎರಡನೇ ಸಲ ಕೊಳ್ಳುವುದಿಲ್ಲ. ತಿನ್ನುವವರಿಗೆ ಬೇಡವಾದ ಗುಣಗಳೇ, ಎಂದರೆ ಸಣ್ಣ ಕಾಳು, ದಪ್ಪ ಸಿಪ್ಪೆ, ಒಗರು, ಬೀಜ, ಇವೇ ಇಲ್ಲಿ ಬಂಡವಾಳ.

ಕೆಂಪು ವೈನ್ ಎಂದರೆ ಅರ್ಧಪಾಲು ಸಿಪ್ಪೆಯ ಕೆಲಸ. ರಸ ಹಿಂಡಿ ಸಿಪ್ಪೆ ಎಸೆದರೆ ಕಪ್ಪು ಹಣ್ಣಿನಿಂದಲೂ ಬಿಳಿ ವೈನೇ ಬರುತ್ತದೆ. ಕೆಂಪಾಗಬೇಕಾದರೆ ಹಣ್ಣನ್ನು ತೊಟ್ಟಿನಿಂದ ಬಿಡಿಸಿ, ಒಡೆದು, ಸಿಪ್ಪೆ ಬೀಜಗಳ ಸಮೇತ ತೊಟ್ಟಿಯಲ್ಲಿ ಹುದುಗಲು ಬಿಡಬೇಕು. ಒಂದೆರಡು ದಿನದಲ್ಲಿ ಒಳಗೆ ಗುಳುಗುಳು ಶುರುವಾಗುತ್ತದೆ. ಹೊಮ್ಮುವ ಗಾಳಿ ಸಿಪ್ಪೆಗಳನ್ನೆಲ್ಲ ಮೇಲಕ್ಕೆ ಎತ್ತಿ ದಪ್ಪನೆಯ ಪದರ ಕಟ್ಟುತ್ತದೆ. ಅದನ್ನು ಹಾಗೇ ಬಿಟ್ಟರೆ ಒಣಗಿ ವಿನೆಗರ್ ವಾಸನೆ ಹಿಡಿಯುತ್ತದೆ. ದಿನಕ್ಕೆ ಎರಡು ಮೂರು ಸಲ ಆ ಪದರವನ್ನು ರಸದೊಳಕ್ಕೆ ಅದುಮಬೇಕು, ಇಲ್ಲವೇ ಕೆಳಗಿನ ರಸವನ್ನು ಪಂಪಿನಿಂದ ಮೇಲೆ ಸುರಿಯಬೇಕು. ಈ ಕೆಲಸ ಮಾಡುವವರ ಬೆರಳು, ಉಗುರಿನ ಸಂದು ಕಪ್ಪಾಗಿರುತ್ತದೆ. ಸೋಪಿಗೆ ಜಗ್ಗುವ ಬಣ್ಣವಲ್ಲ ಅದು. ಬಿಸಿ ಮೂವತ್ತು ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ನಮ್ಮ ಕಡೆ ಕೊಯ್ಲು ಬರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಬೇಸಿಗೆ ಕಾವೇರುವ ಹೊತ್ತಿಗೆ. ಹಾಗಾಗಿ ತಂಪು ಮಾಡುವ ಯಂತ್ರ ಇಲ್ಲದವರು ಒಳ್ಳೆಯ ಕೆಂಪು ವೈನಿನ ಆಸೆ ಇಟ್ಟುಕೊಳ್ಳುವಂತಿಲ್ಲ. ಕರೆಂಟಿನ ಬಿಲ್ಲು ಬೇರೆ.

ಇದೆಲ್ಲ ನಂದಿಯ ತಪ್ಪಲಿಗೆ ಬಂದದ್ದು ಕನ್ವಲ್ ಗ್ರೋವರ್ ಎಂಬುವರಿಂದ. ಫ್ರಾನ್ಸಿನ ಯಂತ್ರೋಪಕರಣಗಳ ವ್ಯವಹಾರದಲ್ಲಿದ್ದವರು, ಆ ದೇಶಕ್ಕೆ ಹೋಗಿ ಬಂದೂ ಬಂದೂ ವೈನಿನ ಮೋಹಕ್ಕೆ ಬಿದ್ದರು. ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ಅನುಭವಿಯನ್ನು ಕರೆತಂದು 1979ರ ಸುಮಾರಿನಿಂದ ಮೂವತ್ತೈದರಷ್ಟು ಫ್ರೆಂಚ್ ತಳಿಗಳನ್ನು ಬೇರೆ ಬೇರೆ ಕಡೆ ನೆಟ್ಟು ನೋಡಿದರು. ಕೊನೆಗೆ ಮನಸ್ಸು ನಿಂತದ್ದು ದೊಡ್ಡಬಳ್ಳಾಪುರದ ಹತ್ತಿರ, ನಂದಿಬೆಟ್ಟದ ಬುಡದಲ್ಲಿ. 1988ರಲ್ಲಿ ತೋಟ ಕಟ್ಟಿದರು, ಶುರುವಿಗೆ ನಲವತ್ತು ಎಕರೆ. ಮೊದಲ ವೈನ್ 1992ರದು. ಪ್ರಯೋಗಕ್ಕೆ ಇಳಿದ ದಿನದಿಂದ ಲೆಕ್ಕ ಹಾಕಿ, ಹದಿಮೂರು ವರ್ಷ! ರಾಗಿ ಬಿತ್ತಿ ನಾಲ್ಕು ತಿಂಗಳಿಗೆ ಕಣ ಮಾಡುವ ನಾಡಿನಲ್ಲಿ ಇಂಥ ಕಾಯುವಿಕೆಗೆ ಬೇರೆಯೇ ಗುಂಡಿಗೆ ಬೇಕು. ಗುಂಡಿಗೆಯ ಜೊತೆಗೆ ಬೇರೆ ವರಮಾನವೂ ಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಬೋರ್ಡೋ ಸೀಮೆಯ ಮಿಷೆಲ್ ರೋಲಾಂ ತೊಂಬತ್ತರ ದಶಕದಲ್ಲಿ ಸಲಹೆಗಾರರಾಗಿ ಬಂದರು. ಅವರ ಕಡೆ ಕೊಯ್ಲು ಸೆಪ್ಟೆಂಬರಿನಲ್ಲಿ, ನಮ್ಮ ಕಡೆ ಮಾರ್ಚ್ ಆಸುಪಾಸು. ಅಲ್ಲಿ ಬಳ್ಳಿ ಚಳಿಯಲ್ಲಿ ಬೋಳಾಗಿ ನಿಂತಿರುವಾಗ ಇಲ್ಲಿ ಹಣ್ಣು ಮಾಗುತ್ತಿರುತ್ತದೆ. ಕ್ಯಾಬರ್ನೆ ಮತ್ತು ಶಿರಾಜ್ ತಳಿಗಳನ್ನು ಬೆರೆಸಿ ಓಕ್ ಮರದ ಪೀಪಾಯಿಯಲ್ಲಿ ಇಟ್ಟು ಮಾಡಿದ ಲಾ ರಿಸರ್ವ್ ಎಂಬ ಕೆಂಪು ವೈನ್ ಈ ತೋಟಕ್ಕೆ ಹೆಸರು ತಂದಿತು. 2005ರಲ್ಲಿ ಲಂಡನ್ನಿನ ಡಿಕ್ಯಾಂಟರ್ ಪತ್ರಿಕೆಯಲ್ಲಿ ಸ್ಟೀವನ್ ಸ್ಪರಿಯರ್ ಅದನ್ನು ಮೆಚ್ಚಿ ಬರೆದರು. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಮುಚ್ಚಿಟ್ಟು ರುಚಿ ನೋಡಿಸಿ, ಕ್ಯಾಲಿಫೋರ್ನಿಯಾದ ವೈನ್ ಫ್ರಾನ್ಸಿನದನ್ನು ಮೀರಿಸಿತು ಎಂದು ಜಗತ್ತಿಗೆ ತೋರಿಸಿದ ಸ್ಪರಿಯರ್ ಇವರೇ. ಮಗ ಕಪಿಲ್ ಗ್ರೋವರ್ ಉದ್ಯಮ ಮುಂದುವರಿಸಿದರು. ಮೊಮ್ಮಗಳು ಕರಿಷ್ಮಾ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆ ಕಲಿತು ಬಂದು ವೈನ್ ಮಾಡುವ ಕೆಲಸಕ್ಕೇ ಇಳಿದರು. 2012ರಲ್ಲಿ ನಾಸಿಕದ ಕಡೆಯ ಇನ್ನೊಂದು ಕಂಪನಿಯ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ಈಗ ಅದನ್ನು ಸಣ್ಣ ಕುಟುಂಬದ ತೋಟ ಎನ್ನಲಾಗದು.

ತೋಟದ ಒಳಗಿನ ಕೆಲಸಕ್ಕೆ ಬರೋಣ, ನನಗೆ ಹೆಚ್ಚು ಪ್ರಿಯವಾದದ್ದು ಅದೇ. ದ್ರಾಕ್ಷಿ ಚಳಿ ನಾಡಿನ ಗಿಡ. ವರ್ಷಕ್ಕೊಮ್ಮೆ ಎಲೆ ಉದುರಿಸಿ ಮಲಗಬೇಕೆಂಬುದು ಅದರ ಸ್ವಭಾವ. ಬೆಂಗಳೂರಿನ ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ ಅದಕ್ಕೆ ಮಲಗಲು ಚಳಿಯೇ ಸಿಗುವುದಿಲ್ಲ, ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಆದ್ದರಿಂದ ಕತ್ತರಿಯೇ ಚಳಿಗಾಲ. ಬಳ್ಳಿ ಸವರುವ ಈ ಕೆಲಸಕ್ಕೆ ವಿಜಯಪುರದ ಕಡೆಯ ರೈತರು ಚಾಟ್ನಿ ಎನ್ನುತ್ತಾರೆ. ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಒಂದು ಚಾಟ್ನಿ, ಅದು ಕಡ್ಡಿ ಬೆಳೆಸುವುದಕ್ಕೆ. ಮಳೆ ಹಿಂದಾಗುವಾಗ ಇನ್ನೊಂದು ಚಾಟ್ನಿ, ಹಣ್ಣಿಗೆ. ಹೀಗೆ ಮಾಡಿದರೆ ಹೂವು, ಕಾಯಿ, ಮಾಗುವಿಕೆ ಎಲ್ಲ ಒಣ ಹವೆಯಲ್ಲಿ, ರಾತ್ರಿ ತಂಪಿರುವ ತಿಂಗಳುಗಳಲ್ಲಿ ನಡೆಯುತ್ತದೆ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿನಷ್ಟು ಎತ್ತರ ಇರುವುದು ಇಲ್ಲಿ ನೆರವಿಗೆ ಬರುತ್ತದೆ. ಹಗಲ ಬಿಸಿಲಿಗೆ ಸಕ್ಕರೆ ಏರುತ್ತದೆ, ರಾತ್ರಿಯ ತಂಪಿಗೆ ಹುಳಿ ಪೂರ್ತಿ ಕರಗದೆ ಉಳಿಯುತ್ತದೆ.

ಆಮೇಲೆ ಬರುವುದು ನಮ್ಮವರಿಗೆ ಹೊಟ್ಟೆ ಉರಿಸುವ ಕೆಲಸ. ಬಳ್ಳಿ ಕೊಡಲು ಸಿದ್ಧವಿರುವ ಗೊಂಚಲುಗಳಲ್ಲಿ ಒಂದಷ್ಟನ್ನು ಹಸಿರಿರುವಾಗಲೇ ಕತ್ತರಿಸಿ ನೆಲಕ್ಕೆ ಹಾಕುತ್ತಾರೆ. ನೀರು ಹನಿಹನಿಯಾಗಿ, ಅದೂ ಅಳೆದು. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಅದಕ್ಕೂ ಕೈ ಬಿಗಿ. ಗೊಬ್ಬರ ಜಾಸ್ತಿಯಾದರೆ ಎಲೆ ಬೆಳೆಯುತ್ತದೆ, ಹಣ್ಣು ನೀರಾಗುತ್ತದೆ. ಹತ್ತು ಟನ್ ಬರುವ ಎಕರೆಯನ್ನು ಮೂರು ನಾಲ್ಕು ಟನ್ನಿಗೆ ನಿಲ್ಲಿಸಿದರೆ ಮಾತ್ರ ಕಾಳಿನಲ್ಲಿ ಬಣ್ಣವೂ ಸತ್ವವೂ ಕೂಡಿಕೊಳ್ಳುತ್ತದೆ. ಚಿಕ್ಕಬಳ್ಳಾಪುರದ ಕಡೆಯ ಒಬ್ಬ ಚಪ್ಪರದ ರೈತರನ್ನು ಇಂಥ ತೋಟದ ಸಾಲಿನಲ್ಲಿ ನಿಲ್ಲಿಸಿದಾಗ ಅವರು ಬಗ್ಗಿ ನೋಡಿ ಕೇಳಿದ್ದು ಒಂದೇ ಮಾತು: "ಒಂದು ಗಿಡಕ್ಕೆ ಇಷ್ಟೇನಾ ಸಾರ್?" ಅವರ ಅಚ್ಚರಿ ನ್ಯಾಯವಾದದ್ದೇ. ಹೆಚ್ಚು ಬೆಳೆಯಿರಿ ಎಂದು ಇಲಾಖೆಯೂ ಬ್ಯಾಂಕೂ ರೇಡಿಯೋವೂ ಅವರಿಗೆ ಹೇಳುತ್ತಲೇ ಬಂದಿವೆ. ಹೌದು, ಈ ರೇಡಿಯೋವೂ.

ರೋಗದ ಮಾತು ಬಿಟ್ಟರೆ ಅಡಿಕೆ ಬೆಳೆಗಾರರು ನನ್ನನ್ನು ಕ್ಷಮಿಸಲಾರರು. ಮಲೆನಾಡಿನಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಮೈಲುತುತ್ತ ಸುಣ್ಣ ಬೆರೆಸಿದ್ದು, ಹುಟ್ಟಿದ್ದೇ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಅದನ್ನು ಮೈಸೂರು ಸಂಸ್ಥಾನದ ಅಡಿಕೆ ತೋಟಕ್ಕೆ ತಂದವರು ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ವೈನ್ ನಮ್ಮಲ್ಲಿಗೆ ಬರುವ ಎಷ್ಟೋ ಮೊದಲೇ ವೈನ್ ತೋಟದ ಔಷಧ ನಮ್ಮ ಅಡಿಕೆ ಮರ ಹತ್ತಿತ್ತು.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ನಡುದಾರಿಯೊಂದನ್ನು ಹುಡುಕಿದ್ದಾರೆ. ಬೆಂಗಳೂರು ಬ್ಲೂ ತಳಿಯನ್ನು ಬೇರೆ ತಳಿಗಳ ಜೊತೆ ಕೂಡಿಸಿ ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ಮುಂತಾದವನ್ನು ಹೊರತಂದರು. ವೈನಿಗೆ ಒದಗುವಂಥವು. ಆದರೆ ಕೊಳ್ಳುವವರು ಬಾಟಲಿಯ ಮೇಲೆ ಕ್ಯಾಬರ್ನೆ ಎಂಬ ಹೆಸರನ್ನೇ ಹುಡುಕುತ್ತಾರೆ. ಇದು ರುಚಿಯ ತೀರ್ಪಲ್ಲ, ಹೆಸರಿನ ಮೋಹ ಎಂದು ನನ್ನ ಅನಿಸಿಕೆ.

ಇನ್ನು ಆ ವರಮಾನದ ಮಾತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ದ್ರಾಕ್ಷಾರಸ ಮಂಡಳಿ ಹುಟ್ಟಿತು. ವೈನನ್ನು ಸಾರಾಯಿ, ವಿಸ್ಕಿಗಳ ಸಾಲಿನಿಂದ ಬೇರೆಮಾಡಿ ತೋಟಗಾರಿಕೆಯ ಉತ್ಪನ್ನವೆಂದು ನೋಡಲು ಶುರುವಾದದ್ದು ಆಗಲೇ. ನಮ್ಮ ಮೈಸೂರು ರಸ್ತೆಯಲ್ಲೇ ಚನ್ನಪಟ್ಟಣದ ಹತ್ತಿರ ಒಂದು ವೈನರಿ ಬಂತು. ಈಗ ಅದು ನಾಸಿಕದ ಸುಲಾ ಕಂಪನಿಯ ಕೈಯಲ್ಲಿದೆ. ಕೊಪ್ಪಳ ಜಿಲ್ಲೆಯ ಗುಡ್ಡಗಳ ಕೆಂಪು ನೆಲದಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕೃಷ್ಮಾ ಎಂಬ ತೋಟ ಕಟ್ಟಿದರು. ಇಬ್ಬರ ಹೆಸರೂ ಸೇರಿ ತೋಟದ ಹೆಸರು. ಹೊರಗಿನ ಹಣ್ಣು ಕೊಳ್ಳದೆ ತಮ್ಮ ಬಳ್ಳಿಯ ಹಣ್ಣಿನಿಂದಲೇ ಮಾಡುವ ಅವರ ಕ್ಯಾಬರ್ನೆ ದೇಶದ ಉತ್ತಮ ಕೆಂಪು ವೈನ್‌ಗಳಲ್ಲಿ ಒಂದೆಂದು ಹೆಸರಾಗಿದೆ. ಗಂಡ ಹೆಂಡತಿ ಏಳು ಖಂಡಗಳಲ್ಲೂ ಮ್ಯಾರಥಾನ್ ಓಡಿದವರು. ಈ ಬೇಸಾಯಕ್ಕೆ ಅಂಥ ದಮ್ಮಿನವರೇ ಸರಿ. ಅವರದೂ ಹೈದರಾಬಾದಿನಲ್ಲಿ ಔಷಧ ಕಂಪನಿ ಇರುವ ಮನೆತನ.

ಗಮನಿಸಿದಿರಾ? ಒಬ್ಬರಿಗೆ ಯಂತ್ರದ ವ್ಯವಹಾರ, ಇನ್ನೊಬ್ಬರಿಗೆ ಔಷಧದ್ದು. ಒಳ್ಳೆಯ ಕೆಂಪು ವೈನ್ ಮಾಡಿದ ನಮ್ಮ ರಾಜ್ಯದ ಈ ಎರಡೂ ಕುಟುಂಬಗಳು ಬೇರೆ ಕಡೆ ಗಳಿಸಿ ಇಲ್ಲಿ ಸುರಿದಂಥವು. ಅದರಲ್ಲಿ ತಪ್ಪೇನಿಲ್ಲ, ದಾರಿ ತೋರಿಸಿದ್ದಾರೆ. ಆದರೆ ತಲೆಮಾರುಗಳಿಂದ ದ್ರಾಕ್ಷಿ ಬೆಳೆದ ಮನೆಯವರು ಇನ್ನೂ ಹಣ್ಣು ತೂಗಿ ಕೊಡುವವರಾಗಿಯೇ ಉಳಿದಿದ್ದಾರೆ. ಬಳ್ಳಿ ನೆಟ್ಟು ಹದವಾದ ಬೆಳೆ ಬರಲು ಮೂರು ವರ್ಷ. ವೈನ್ ಆಗಿ, 225 ಲೀಟರಿನ ಓಕ್ ಪೀಪಾಯಿಯಲ್ಲಿ ಕೂತು, ಬಾಟಲಿಗೆ ಬರಲು ಇನ್ನೂ ಒಂದೆರಡು ವರ್ಷ. ಅಂಥ ಒಂದು ಪೀಪಾಯಿಯಿಂದ ಸಿಗುವುದು ಮುನ್ನೂರು ಬಾಟಲಿ. ಅಲ್ಲಿಯವರೆಗೆ ಮನೆಗೆ ಅಕ್ಕಿ ಎಲ್ಲಿಂದ ಬರಬೇಕು? 2020ರ ಲಾಕ್‌ಡೌನ್‌ನಲ್ಲಿ ಕೊಳ್ಳುವವರಿಲ್ಲದೆ ಚಪ್ಪರದಲ್ಲೇ ಹಣ್ಣು ಕೊಳೆತದ್ದನ್ನು ಕಂಡವರಿಗೆ ಗೊತ್ತು, ಹಣ್ಣು ಕಾಯುವುದಿಲ್ಲ. ವೈನ್ ಕಾಯುತ್ತದೆ, ಆದರೆ ಅದಕ್ಕೆ ನೆಲಮಾಳಿಗೆ ಬೇಕು, ತೊಟ್ಟಿ ಬೇಕು, ಪರವಾನಗಿ ಬೇಕು.

ಇದಕ್ಕೆ ಹೊಸ ಮಂತ್ರವೇನೂ ಬೇಕಿಲ್ಲ. ಜರ್ಮನಿಯ ಆರ್ ಕಣಿವೆಯ ಸಣ್ಣ ಬೆಳೆಗಾರರು 1868ರಲ್ಲೇ ಸಹಕಾರ ಸಂಘ ಮಾಡಿಕೊಂಡು ಒಂದೇ ನೆಲಮಾಳಿಗೆಯಲ್ಲಿ ಎಲ್ಲರ ಹಣ್ಣಿನಿಂದ ವೈನ್ ತೆಗೆಯತೊಡಗಿದರು. ನಮ್ಮಲ್ಲೂ ಎರಡು ಹಸು ಇರುವ ಮನೆಯ ಹಾಲನ್ನು ಡೇರಿ ಕೊಳ್ಳುತ್ತದೆ, ಫ್ಯಾಟ್ ನೋಡಿ ದರ ಕಟ್ಟುತ್ತದೆ, ಬಟವಾಡೆಯ ದಿನ ದುಡ್ಡು ಕೊಡುತ್ತದೆ. ದ್ರಾಕ್ಷಿಯ ಸಕ್ಕರೆ ಅಳೆಯುವ ಸಲಕರಣೆ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು. ತೂಕಕ್ಕಲ್ಲ, ಸಕ್ಕರೆಗೂ ಬಣ್ಣಕ್ಕೂ ದುಡ್ಡು ಎಂದು ಸಂಘ ನಿಯಮ ಮಾಡಿದರೆ, ಗೊಂಚಲು ಕತ್ತರಿಸಿ ನೆಲಕ್ಕೆ ಹಾಕಿ ಎಂದು ರೈತರಿಗೆ ಯಾರೂ ಉಪದೇಶ ಮಾಡಬೇಕಾಗಿಲ್ಲ.

ಇಡೀ ತೋಟ ಕಿತ್ತು ಹಾಕಿ ಎನ್ನುವುದು ಸಲ್ಲದು. ಹಳೆಯ ಬೆಂಗಳೂರು ಬ್ಲೂ ಬಳ್ಳಿಯ ಬುಡ ಉಳಿಸಿಕೊಂಡು ಮೇಲೆ ಬೇರೆ ತಳಿಯ ಕಡ್ಡಿ ಕಸಿ ಕಟ್ಟಬಹುದು. ಬೇರು ಮೊದಲೇ ಆಳಕ್ಕೆ ಇಳಿದಿರುವುದರಿಂದ ಹೊಸ ಗಿಡಕ್ಕಿಂತ ಬೇಗ ಫಲ ಕಾಣುತ್ತದೆ. ಊರಿಗೆ ಹತ್ತು ಮನೆಯವರು, ಚಪ್ಪರದ ಒಂದು ಅಂಚಿನಲ್ಲಿ ಒಂದೊಂದು ಸಾಲು. ಉಳಿದ ಚಪ್ಪರದ ಹಣ್ಣು ಎಂದಿನಂತೆ ಮಾರುಕಟ್ಟೆಗೆ ಹೋಗಲಿ. ಆ ಒಂದು ಸಾಲಿನ ಖರ್ಚನ್ನು ಐದು ವರ್ಷ ಹೊರುವುದು ಮಂಡಳಿಯೋ ಸಂಘವೋ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಚಾಟ್ನಿಗೆ ಕತ್ತರಿ ಹಿಡಿಯುವುದಕ್ಕೆ ಮುಂಚೆ ಆಗಬೇಕಾದ ಕೆಲಸ ಇದು.